ಗ್ರಾಂ ಸ್ಟೇನ್ ಪೂರ್ತಿ ಗುಲಾಬಿ ಬಂತು, ಅಪಧಮನಿಯಲ್ಲಿ ಅಶುದ್ಧ ರಕ್ತ ಹೇಗೆ? ಇಂಟರ್ನಲ್ಸ್‌ಗೆ ಎಂಟೇ ದಿನ

ಕೊಪ್ಪಳದ ಹುಡುಗಿ
ಮಂಗಳವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಡಿಎಂಎಲ್‌ಟಿ (ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ) ಮೊದಲ ವರ್ಷ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ, ಇಲ್ಲಿ ಎಲ್ಲಾ ಇಂಗ್ಲಿಷ್. ಪುಸ್ತಕ ಬಿಚ್ಚಿದರೆ ಅರ್ಧ ಗಂಟೆ ಡಿಕ್ಷನರಿ ಹುಡುಕೋದರಲ್ಲೇ ಹೋಗುತ್ತೆ. ಈಗ ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೀನಿ.

ಮೊದಲನೇದು ಅನಾಟಮಿ. ಹೈಸ್ಕೂಲಿನಲ್ಲಿ ಅಪಧಮನಿ ಅಂದ್ರೆ ಶುದ್ಧ ರಕ್ತ, ಅಭಿಧಮನಿ ಅಂದ್ರೆ ಅಶುದ್ಧ ರಕ್ತ ಅಂತ ಬರೆದು ಪೂರ್ತಿ ಮಾರ್ಕ್ಸ್ ತಗೊಂಡಿದ್ದೆ. ಮೊನ್ನೆ ಕ್ಲಾಸ್ ಟೆಸ್ಟಿನಲ್ಲಿ ಪಲ್ಮನರಿ ಆರ್ಟರಿಯಲ್ಲಿ, ಅಂದ್ರೆ ಶ್ವಾಸಕೋಶದ ಅಪಧಮನಿಯಲ್ಲಿ, ಯಾವ ರಕ್ತ ಹರಿಯುತ್ತೆ ಅಂತ ಕೇಳಿದ್ರು. ಆರ್ಟರಿ ತಾನೇ, ಶುದ್ಧ ರಕ್ತ ಅಂತ ಬರೆದೆ. ಸೊನ್ನೆ. ಹೃದಯದ ಚಿತ್ರದಲ್ಲಿ ಎಡ ಬಲ ಉಲ್ಟಾ ಮಾಡಿದ್ದೆ, ಅದಕ್ಕೂ ಸೊನ್ನೆ.

ಎರಡನೇದು ಮೈಕ್ರೋಬಯಾಲಜಿ ಪ್ರಾಕ್ಟಿಕಲ್. ಸ್ಟೆಫಿಲೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ಕೊಟ್ಟು ಗ್ರಾಂ ಸ್ಟೇನ್ ಮಾಡಿ, ಅಂದ್ರೆ ಬಣ್ಣ ಹಾಕಿ ಯಾವ ಜಾತಿ ಅಂತ ನೋಡಿ ಅಂದ್ರು. ನೇರಳೆ ಉಳಿದರೆ ಗ್ರಾಂ ಪಾಸಿಟಿವ್, ಗುಲಾಬಿ ಆದರೆ ಗ್ರಾಂ ನೆಗೆಟಿವ್. ಇದು ಪಾಸಿಟಿವ್. ನೇರಳೆ ಬಣ್ಣದ ದ್ರಾಕ್ಷಿ ಗೊಂಚಲು ಕಾಣಬೇಕಿತ್ತು. ನನಗೆ ಕಂಡದ್ದು ಗುಲಾಬಿ ಗೊಂಚಲು. ಮ್ಯಾನ್ಯುಯಲ್‌ನಲ್ಲಿ ಇದ್ದ ಹಾಗೇ, ಫೋನಿನಲ್ಲಿ ಟೈಮರ್ ಇಟ್ಟುಕೊಂಡೇ ಮಾಡಿದ್ದು. ಮೇಡಂ ಸ್ಲೈಡ್ ನೋಡಿ "ಗ್ರಾಂ ನೆಗೆಟಿವ್ ಸ್ಟೆಫಿಲೋಕಾಕಸ್ ಕಂಡುಹಿಡಿದಿದ್ದಾಳೆ, ಎಲ್ಲರೂ ಚಪ್ಪಾಳೆ ತಟ್ಟಿ" ಅಂದ್ರು. ಎಲ್ಲರೂ ತಟ್ಟಿದ್ರು.

ಮುಂದಿನ ಬುಧವಾರ ಇಂಟರ್ನಲ್ಸ್. ಎಲ್ಲಿ ತಪ್ಪಿದೆ ಅಂತ ಯಾರಾದ್ರೂ ಹೇಳಿ.

ಧಾರವಾಡದ ಬಯಾಲಜಿ ಮಾಸ್ತರ
ಮಂಗಳವಾರ, ರಾತ್ರಿ 10:15

ತಂಗಿ, ತಪ್ಪು ನಿಂದಲ್ಲ. ಆ ಶುದ್ಧ, ಅಶುದ್ಧ ಅನ್ನೋ ಶಬ್ದಗಳದ್ದು. ಇಪ್ಪತ್ತೆರಡು ವರ್ಷದಿಂದ ಪಿಯುಸಿ ಹುಡುಗರಿಗೆ ಹೇಳಾಕತ್ತೀನಿ, ಪ್ರತಿ ವರ್ಷ ಅರ್ಧ ಕ್ಲಾಸು ಇದೇ ಕುಣಿಯಾಗ ಬೀಳತೈತಿ.

ರಕ್ತದಾಗ ಮಡಿ ಮೈಲಿಗೆ ಇಲ್ಲ. ಆಕ್ಸಿಜನ್ ಹೆಚ್ಚಿಗಿರೋ ರಕ್ತ, ಕಡಿಮಿ ಇರೋ ರಕ್ತ, ಇಷ್ಟ. ಆಮ್ಯಾಲೆ ರಕ್ತನಾಳಕ್ಕ ಹೆಸರು ಕೊಡೋದು ಒಳಗ ಏನು ಹರೀತೈತಿ ಅಂತ ನೋಡಿ ಅಲ್ಲ, ಯಾವ ದಿಕ್ಕಿಗೆ ಹರೀತೈತಿ ಅಂತ ನೋಡಿ.

ಮಜಾ ಏನಂದ್ರ, ನಿನಗ ಗೊತ್ತಿರೋ ಕನ್ನಡ ಶಬ್ದದಾಗನ ಉತ್ತರ ಕುಂತೈತಿ. ಅಪ ಅಂದ್ರ ದೂರ: ಅಪಹರಣ. ಅಭಿ ಅಂದ್ರ ಕಡೆಗೆ: ಅಭಿಮುಖ. ಫಿಸಿಕ್ಸಿನ್ಯಾಗ ಕೇಂದ್ರಾಪಗಾಮಿ, ಕೇಂದ್ರಾಭಿಮುಖ ಅಂತ ಓದಿರಬೇಕಲ್ಲ, ಅದೇ ಅಪ, ಅದೇ ಅಭಿ. ಹೃದಯದಿಂದ ದೂರ ಒಯ್ಯೋದು ಅಪಧಮನಿ, ಹೃದಯದ ಕಡೆಗೆ ತರೋದು ಅಭಿಧಮನಿ. ಇಂಗ್ಲಿಷಿನ ಆರ್ಟರಿ ಅನ್ನೋ ಶಬ್ದಕ್ಕ ಈ ಉಪಕಾರ ಇಲ್ಲ. ಹಳೇ ಗ್ರೀಕರು ಹೆಣದಾಗ ಆ ನಾಳ ಖಾಲಿ ಇರೋದು ನೋಡಿ, ಅದರಾಗ ಗಾಳಿ ಓಡಾಡತೈತಿ ಅಂತ ತಿಳಕೊಂಡಿದ್ರು. ರಕ್ತ ಸುತ್ತು ಹೊಡೀತೈತಿ ಅಂತ ವಿಲಿಯಂ ಹಾರ್ವೆ ಪುಸ್ತಕ ಬರೆದಿದ್ದು 1628ರಾಗ.

ಈಗ ದಾರಿ ಹಿಡದು ಹೋಗು. ಮೈಯೆಲ್ಲಾ ಸುತ್ತಿ ಬಂದ ರಕ್ತ ಬಲ ಹೃತ್ಕರ್ಣಕ್ಕ ಬರತೈತಿ, ಅಲ್ಲಿಂದ ಬಲ ಹೃತ್ಕುಕ್ಷಿಗೆ ಇಳೀತೈತಿ. ಬಲ ಹೃತ್ಕುಕ್ಷಿ ಅದನ್ನ ಶ್ವಾಸಕೋಶಕ್ಕ ತಳ್ಳತೈತಿ. ಹೃದಯ ಬಿಟ್ಟು ದೂರ ಹೊಂಟಿತಲ್ಲ, ಹಂಗಾಗಿ ಆ ನಾಳ ಅಪಧಮನಿ. ಆದ್ರ ಆ ರಕ್ತ ಇನ್ನೂ ಶ್ವಾಸಕೋಶ ಕಂಡಿಲ್ಲ, ಆಕ್ಸಿಜನ್ ಎಲ್ಲಿಂದ ಬರಬೇಕು? ಶ್ವಾಸಕೋಶದಾಗ ಆಕ್ಸಿಜನ್ ತುಂಬಿಕೊಂಡು ನಾಲ್ಕು ಪಲ್ಮನರಿ ಅಭಿಧಮನಿಗಳೊಳಗ ಎಡ ಹೃತ್ಕರ್ಣಕ್ಕ ವಾಪಸ್ ಬರತೈತಿ. ಮುಂದ ಎಡ ಹೃತ್ಕುಕ್ಷಿ, ಮಹಾಪಧಮನಿ, ಇಡೀ ಮೈ. ಎಡ ಹೃತ್ಕುಕ್ಷಿ ಗೋಡೆ ಯಾಕ ಅಷ್ಟು ದಪ್ಪ ಅಂತ ಕೇಳಿದ್ರ ಇದ ಉತ್ತರ. ಬಲದ್ದು ಪಕ್ಕದ ಮನಿಗೆ ನೀರು ಕೊಟ್ಟರ ಸಾಕು, ಎಡದ್ದು ಇಡೀ ಊರಿಗೆ ಏರಿಸಬೇಕು.

ಗರ್ಭದಾಗಿನ ಕೂಸಿಗೆ ಹೊಕ್ಕುಳಬಳ್ಳಿಯೊಳಗ ಆಕ್ಸಿಜನ್ ತರೋದೂ ಅಭಿಧಮನಿನ. ದಿಕ್ಕು ಹಿಡದ್ರ ಅದೂ ತಾನಾಗಿ ಹೊಂದತೈತಿ.

ನೀಲಿರಕ್ತ
ಮಂಗಳವಾರ, ರಾತ್ರಿ 10:31

ಮಾಸ್ತರ್ರೇ ಒಂದು ಡೌಟು. ಆಕ್ಸಿಜನ್ ಕಡಿಮೆ ಇರೋ ರಕ್ತ ನೀಲಿ ಇರುತ್ತೆ ಅಲ್ವಾ? ಮುಂಗೈ ನೋಡಿಕೊಂಡರೆ ನೀಲಿ ನರ ಕಾಣುತ್ತೆ. ಪುಸ್ತಕದ ಚಿತ್ರದಲ್ಲೂ ನೀಲಿನೇ.

ಮಸ್ಕತ್ ನರ್ಸಕ್ಕ
ಮಂಗಳವಾರ, ರಾತ್ರಿ 11:05

ಮಾರಾಯ್ರೆ, ಹದಿನಾಲ್ಕು ವರ್ಷ ಆಯ್ತು ರಕ್ತ ತೆಗೀಲಿಕ್ಕೆ ಶುರು ಮಾಡಿ, ಒಂದು ದಿನವೂ ನೀಲಿ ಬಂದದ್ದಿಲ್ಲ. ಅಭಿಧಮನಿಯಿಂದ ಬರುವುದು ಕಪ್ಪು ಛಾಯೆಯ ಕೆಂಪು. ನಮ್ಮ ಊರಿನ ಪುನರ್ಪುಳಿ ಸಿಪ್ಪೆಯನ್ನು ರಾತ್ರಿಯಿಡೀ ನೆನೆಸಿಟ್ಟರೆ ಬರುತ್ತದಲ್ಲ, ಅದಕ್ಕಿಂತ ಒಂದು ಹದ ಗಾಢ. ಚರ್ಮದ ಮೂಲಕ ನೀಲಿ ಕಾಣುವುದು ಬೆಳಕಿನ ಆಟ. ಚಿತ್ರದ ನೀಲಿ, ಬರೆದವರು ಗುರುತಿಗೆ ಹಾಕಿದ ಬಣ್ಣ. ಇನ್ನೊಂದು, ಅದು ನರ ಅಲ್ಲ. ಊರಲ್ಲಿ ಎಲ್ಲರೂ ನರ ಅಂತಾರೆ, ನಾನೂ ಮನೆಯಲ್ಲಿ ಹಾಗೇ ಹೇಳುವುದು. ಪರೀಕ್ಷೆಯಲ್ಲಿ ಮಾತ್ರ ನರ ಅಂದರೆ ನರ್ವ್.

ಅಪಧಮನಿಯಿಂದ ತೆಗೆಯುವುದು ಬೇರೆಯೇ ಅನುಭವ. ಐಸಿಯುನಲ್ಲಿ ಎಬಿಜಿ, ಅಂದರೆ ಅಪಧಮನಿ ರಕ್ತದ ಅನಿಲಗಳನ್ನು ನೋಡುವ ಪರೀಕ್ಷೆಗೆ ಮಣಿಕಟ್ಟಿನ ರೇಡಿಯಲ್ ಅಪಧಮನಿಗೆ ಸೂಜಿ ಹಾಕಿದರೆ, ನಾವು ಪಿಸ್ಟನ್ ಎಳೆಯುವುದೇ ಬೇಡ. ಒಳಗಿನ ಒತ್ತಡಕ್ಕೆ ಅದು ತಾನಾಗಿ ಮೇಲೆ ಬರುತ್ತದೆ, ಮಿಡಿತಕ್ಕೊಂದು ಸಲ ಒಂಚೂರು. ಬಣ್ಣ ಹೊಳೆಯುವ ಕೆಂಪು. ಒಂದು ಸಲ ನೋಡಿದರೆ ಸಾಕು, ಮತ್ತೆ ಮರೆಯುವುದಿಲ್ಲ.

ತಂಗಿ, ನೀನು ಲ್ಯಾಬಿನವಳಾಗುವವಳು, ದಿನಕ್ಕೆ ಅದೆಷ್ಟೋ ಕೈ ಹಿಡಿಯಬೇಕು. ಈಗಲೇ ನಿನ್ನ ಕೈಯನ್ನೇ ಪುಸ್ತಕ ಮಾಡಿಕೊ. ಅಂಗೈ ಮೇಲೆ ಮಾಡಿ ಮೊಣಕೈ ಚಾಚು. ಮಡಚುವ ಜಾಗದಲ್ಲಿ ಒಂದು ಗಟ್ಟಿ ಹುರಿ ಸಿಗುತ್ತದೆ, ಅದು ಬೈಸೆಪ್ಸ್ ಸ್ನಾಯುವಿನ ಕಂಡರ. ಅದರ ಒಳಬದಿಗೆ, ಅಂದರೆ ಮೈಯ ಕಡೆಗೆ, ಎರಡು ಬೆರಳಿಟ್ಟು ಒತ್ತಿದರೆ ಮಿಡಿಯುತ್ತದೆ. ಅದು ಬ್ರೇಕಿಯಲ್ ಅಪಧಮನಿ. ಬಿಪಿ ನೋಡುವಾಗ ಸ್ಟೆಥಾಸ್ಕೋಪ್ ಇಡುವುದೂ ಅಲ್ಲೇ. ನಾವು ರಕ್ತ ತೆಗೆಯುವ ಮೀಡಿಯನ್ ಕ್ಯೂಬಿಟಲ್ ಅಭಿಧಮನಿ ಅದೇ ಜಾಗದಲ್ಲಿ ಚರ್ಮಕ್ಕೆ ಹತ್ತಿರ ಇರುತ್ತದೆ. ಒತ್ತಿದರೆ ಮೆತ್ತಗೆ ಪುಟಿಯುತ್ತದೆ, ಮಿಡಿಯುವುದಿಲ್ಲ. ಮಿಡಿಯುವ ಜಾಗಕ್ಕೆ ಸೂಜಿ ಹಾಕಬೇಡ. ನಾಡಿಯನ್ನು ಹೆಬ್ಬೆರಳಿನಲ್ಲಿ ನೋಡಬೇಡ, ಹೆಬ್ಬೆರಳಿನ ಸ್ವಂತ ಮಿಡಿತವೇ ಲೆಕ್ಕಕ್ಕೆ ಸೇರಿಬಿಡುತ್ತದೆ.

ಫಸ್ಟ್ ಇಯರ್ ಹುಡುಗ, ಮೈಸೂರು
ಬುಧವಾರ, ಬೆಳಿಗ್ಗೆ 7:20

ಎಡ ಬಲದ ವಿಷಯ ನಾನು ಹೇಳ್ತೀನಿ, ನಾನೂ ಎಂಬಿಬಿಎಸ್ ಸೇರಿದ ಮೊದಲ ತಿಂಗಳು ಇದರಲ್ಲೇ ಬೈಸಿಕೊಂಡವನು.

ಅನಾಟಮಿಯಲ್ಲಿ ಎಡ, ಬಲ ಎರಡೂ ಆ ದೇಹದ್ದು, ನೋಡೋರದ್ದಲ್ಲ. ದೇಹ ಹೇಗೇ ಮಲಗಿರಲಿ, ಮನಸ್ಸಿನಲ್ಲಿ ಅದನ್ನ ಎದ್ದು ನಿಲ್ಲಿಸಬೇಕು: ಮುಖ ಮುಂದಕ್ಕೆ, ಕೈ ಪಕ್ಕಕ್ಕೆ, ಅಂಗೈ ಮುಂದಕ್ಕೆ. ಇದು ಅನಾಟಮಿಕಲ್ ಪೊಸಿಷನ್. ನಿಮ್ಮ ಎದುರು ಹಾಗೆ ಯಾರೋ ನಿಂತಿದ್ದಾರೆ ಅಂದುಕೊಳ್ಳಿ, ಅವರ ಬಲಗೈ ನಿಮ್ಮ ಎಡಕ್ಕೆ ಬರುತ್ತೆ. ಆದ್ದರಿಂದ ಪುಸ್ತಕದಲ್ಲಿ ಹೃದಯದ ಬಲ ಹೃತ್ಕರ್ಣ ಹಾಳೆಯ ಎಡಗಡೆ ಇರುತ್ತೆ. ಎಕ್ಸ್‌ರೇ ನೋಡೋದೂ ಹೀಗೇ. ಚಿತ್ರ ಬರೆಯೋಕೆ ಮುಂಚೆ ಹಾಳೆಯ ಎಡ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ "ಬಲ" ಅಂತ ಬರೆದುಬಿಡಿ. ನಾನು ಈಗಲೂ ಬರೀತೀನಿ.

ಇನ್ನೊಂದು ವಿಷಯ ಹೇಳಲೇಬೇಕು. ಡಿಸೆಕ್ಷನ್ ಹಾಲ್‌ಗೆ ಹೋಗೋವರೆಗೆ ನಾನೂ ಅಪಧಮನಿ ಕೆಂಪು, ಅಭಿಧಮನಿ ನೀಲಿ, ನರ ಹಳದಿ ಅಂತ ಅಟ್ಲಾಸ್ ಬಾಯಿಪಾಠ ಮಾಡಿದ್ದೆ. ಫಾರ್ಮಲಿನ್‌ನಲ್ಲಿಟ್ಟ ದೇಹದಲ್ಲಿ ಎಲ್ಲಾ ಒಂದೇ ಬಣ್ಣ, ಮಾಸಿದ ಕಂದು. ಕಂಕುಳ ಬಿಡಿಸಿದಾಗ ಯಾವುದು ಯಾವುದು ಅಂತ ತಿಳಿಯದೆ ಮೂವರು ಸುಮ್ಮನೆ ನಿಂತುಬಿಟ್ವಿ. ಸರ್ ಬಂದು "ಕಣ್ಣು ಮುಚ್ಚಿ, ಬೆರಳಲ್ಲಿ ಉರುಳಿಸಿ ನೋಡಿ" ಅಂದ್ರು. ಅಪಧಮನಿ ರಬ್ಬರ್ ಟ್ಯೂಬಿನ ಹಾಗೆ, ಗೋಡೆ ದಪ್ಪ, ಒತ್ತಿ ಬಿಟ್ಟರೆ ಮತ್ತೆ ದುಂಡಗೆ ನಿಲ್ಲುತ್ತೆ. ಅಭಿಧಮನಿ ತೆಳು, ಖಾಲಿಯಾದರೆ ಚಪ್ಪಟೆ ಬೀಳುತ್ತೆ. ನರ ಒಳಗೆ ಟೊಳ್ಳೇ ಇಲ್ಲದ ದಾರ. ಹೃದಯದ ಒತ್ತಡವನ್ನೆಲ್ಲ ತಡೀಬೇಕಾದ್ದರಿಂದ ಅಪಧಮನಿಗೆ ಆ ಗೋಡೆ. ವಾಪಸ್ ಬರೋ ದಾರಿಯಲ್ಲಿ ಒತ್ತಡ ಕಡಿಮೆ, ಅದಕ್ಕೇ ಕಾಲಿನ ಅಭಿಧಮನಿಗಳಲ್ಲಿ ರಕ್ತ ಕೆಳಕ್ಕೆ ಜಾರದ ಹಾಗೆ ಕವಾಟ ಇರೋದು.

ಹೃದಯ ಎಡಗಡೆ ಇರುತ್ತೆ ಅಂತ ನಂಬಿಕೊಂಡಿದ್ದೆ, ಅದೂ ಪೂರ್ತಿ ನಿಜ ಅಲ್ಲ. ಎದೆಯ ನಡುವೆ, ಎರಡು ಶ್ವಾಸಕೋಶಗಳ ಮಧ್ಯೆ ಕೂತು ಎಡಕ್ಕೆ ವಾಲಿಕೊಂಡಿರುತ್ತೆ. ಅದಕ್ಕೆ ಜಾಗ ಬಿಟ್ಟುಕೊಟ್ಟು ಎಡ ಶ್ವಾಸಕೋಶ ಚಿಕ್ಕದು: ಎಡಕ್ಕೆ ಎರಡು ಹಾಲೆ, ಬಲಕ್ಕೆ ಮೂರು. ಬಲ ಮೂತ್ರಪಿಂಡ ಸ್ವಲ್ಪ ಕೆಳಗೆ, ಮೇಲೆ ಯಕೃತ್ತು ಕೂತಿರುತ್ತಲ್ಲ.

ಮಸ್ಕತ್ ನರ್ಸಕ್ಕ
ಬುಧವಾರ, ಬೆಳಿಗ್ಗೆ 8:02

ಅಲ್ಲೇ ಒಂದು ಪ್ರಶ್ನೆ ಹುಟ್ಟುತ್ತದೆ ನೋಡಿ, ವೈವಾದಲ್ಲಿ, ಅಂದರೆ ಬಾಯಿ ಪರೀಕ್ಷೆಯಲ್ಲಿ, ಎಲ್ಲರೂ ಕೇಳುತ್ತಾರೆ. ಮಗು ಕಡಲೆಬೀಜ ಬಾಯಲ್ಲಿಟ್ಟುಕೊಂಡು ನಕ್ಕಿತು, ಬೀಜ ಶ್ವಾಸನಾಳಕ್ಕೆ ಇಳಿಯಿತು. ಎಡ ಶ್ವಾಸಕೋಶಕ್ಕೆ ಹೋಗುವ ಸಾಧ್ಯತೆ ಹೆಚ್ಚೋ, ಬಲಕ್ಕೋ? ಬಲಕ್ಕೆ. ಬಲ ಬ್ರಾಂಕಸ್ ಅಗಲ, ಗಿಡ್ಡ, ಹೆಚ್ಚು ನೆಟ್ಟಗೆ ಇಳಿಯುತ್ತದೆ. ಎಡದ್ದು ಹೃದಯವನ್ನು ಬಳಸಿಕೊಂಡು ಓರೆಯಾಗಿ ಹೋಗಬೇಕು. ಮಕ್ಕಳ ವಾರ್ಡಿನಲ್ಲಿ ಇದ್ದಾಗ ಬಲಬದಿಯಲ್ಲಿ ಉಸಿರಿನ ಸದ್ದು ಕಡಿಮೆ ಅಂದರೆ ಡಾಕ್ಟರ್ ಮೊದಲು ಕೇಳುತ್ತಿದ್ದದ್ದೇ "ಏನಾದರೂ ತಿಂತಿತ್ತಾ?" ಅಂತ.

ಹಳೇ ಮೈಕ್ರೋಸ್ಕೋಪು
ಬುಧವಾರ, ಬೆಳಿಗ್ಗೆ 10:45

ಅನಾಟಮಿಗೆ ಜನ ಸಿಕ್ಕಿದ್ದಾರೆ. ಗುಲಾಬಿ ಗೊಂಚಲಿನ ಕಥೆ ನಾನು ನೋಡ್ತೀನಮ್ಮ. ಮೂವತ್ತೊಂದು ವರ್ಷ ಜಿಲ್ಲಾ ಮಟ್ಟದ ಲ್ಯಾಬಿನಲ್ಲಿ ಕೂತು ರಿಟೈರ್ ಆದವನು ನಾನು. ಉತ್ತರ ಹೇಳೋ ಮುಂಚೆ ನನಗೆ ನಾಲ್ಕು ವಿಷಯ ಬೇಕು. ಕಲ್ಚರ್, ಅಂದ್ರೆ ಬೆಳೆಸಿಟ್ಟ ಬ್ಯಾಕ್ಟೀರಿಯಾ, ಎಷ್ಟು ದಿನದ್ದು? ಸ್ಲೈಡನ್ನ ದೀಪದ ಮೇಲೆ ಎಷ್ಟು ಹೊತ್ತು ಹಿಡಿದೆ? ಅಯೋಡಿನ್ ಯಾವ ಬಣ್ಣ ಇತ್ತು? ಬಣ್ಣ ತೆಗೆಯೋ ಡೀಕಲರೈಸರ್ ಎಷ್ಟು ಸೆಕೆಂಡು ಬಿಟ್ಟೆ, ಬಾಟಲಿ ಮೇಲೆ ಏನು ಬರೆದಿತ್ತು?

ನೀಲಿರಕ್ತ
ಬುಧವಾರ, ಬೆಳಿಗ್ಗೆ 11:10

ಸ್ಲೈಡ್ ಮೇಲೆ ಹಚ್ಚಿದ ಸ್ಮಿಯರ್ ದಪ್ಪ ಆಗಿರುತ್ತೆ ಸರ್, ಅದಕ್ಕೇ ಬಣ್ಣ ಹಿಡಿದಿಲ್ಲ. ನಮ್ಮ ಕ್ಲಾಸಲ್ಲೂ ಹಾಗೇ ಹೇಳಿದ್ರು.

ಹಳೇ ಮೈಕ್ರೋಸ್ಕೋಪು
ಬುಧವಾರ, ಬೆಳಿಗ್ಗೆ 11:25

ಸ್ಮಿಯರ್ ದಪ್ಪ ಆದ್ರೆ ತಪ್ಪು ಆ ಕಡೆಗೆ ಆಗುತ್ತೆ ಮರಿ. ಬಣ್ಣ ತೆಗೆಯೋ ದ್ರಾವಣ ಒಳಗಡೆವರೆಗೆ ಇಳಿಯದೆ ನೆಗೆಟಿವ್ ಕೂಡ ನೇರಳೆ ಉಳಿದುಬಿಡುತ್ತೆ. ಇಲ್ಲಿ ಪಾಸಿಟಿವ್ ಗುಲಾಬಿ ಆಗಿದೆ. ಇದು ಬೇರೆ ರೋಗ.

ಕೊಪ್ಪಳದ ಹುಡುಗಿ
ಬುಧವಾರ, ಸಂಜೆ 6:30

ಸರ್, ಕಲ್ಚರ್ ಹಿಂದಿನ ದಿನದ್ದೇ. ದೀಪದ ಮೇಲೆ ಮೂರು ಸಲ ಬೇಗ ಬೇಗ ಆಡಿಸಿದೆ, ಮುಂಗೈ ಹಿಂಭಾಗಕ್ಕೆ ತಾಗಿಸಿದರೆ ಬೆಚ್ಚಗಿತ್ತು, ಸುಡಲಿಲ್ಲ. ಕ್ರಿಸ್ಟಲ್ ವೈಲೆಟ್ ಒಂದು ನಿಮಿಷ, ಅಯೋಡಿನ್ ಒಂದು ನಿಮಿಷ. ಅಯೋಡಿನ್ ಕಡು ಕಂದು ಇತ್ತು. ಆಮೇಲೆ ಡೀಕಲರೈಸರ್ 30 ಸೆಕೆಂಡು, ಮ್ಯಾನ್ಯುಯಲ್‌ನಲ್ಲಿ ಅಷ್ಟೇ ಇದೆ. ಬಾಟಲಿ ಮೇಲೆ ಮಾರ್ಕರ್‌ನಲ್ಲಿ "ಡೀಕಲರೈಸರ್" ಅಂತ ಮಾತ್ರ ಇತ್ತು. ಕೊನೆಗೆ ಸಫ್ರಾನಿನ್ ಒಂದು ನಿಮಿಷ.

ಧಾರವಾಡದ ಸರ್, ಅಪ ಅಭಿ ತಲೆಯಲ್ಲಿ ಕೂತುಬಿಡ್ತು. ನಮ್ಮಮ್ಮನಿಗೂ ಹೇಳಿದೆ.

ಹಳೇ ಮೈಕ್ರೋಸ್ಕೋಪು
ಬುಧವಾರ, ಸಂಜೆ 7:10

ಕಳ್ಳ ಸಿಕ್ಕಿದ ಅನ್ನಿಸ್ತಿದೆ. ಒಂದೇ ಪ್ರಶ್ನೆ. ಆ ಬಾಟಲಿ ಮುಚ್ಚಳ ತೆಗೆದಾಗ ಉಗುರಿನ ಪಾಲಿಶ್ ಒರೆಸೋ ದ್ರಾವಣದ ವಾಸನೆ ಬಂತಾ? ಬಾಟಲಿಗೆ ಮೂಗಿಟ್ಟು ಮೂಸೋಕೆ ಹೋಗಬೇಡ, ನೆನಪಿದ್ದರೆ ಹೇಳು ಸಾಕು.

ಕೊಪ್ಪಳದ ಹುಡುಗಿ
ಬುಧವಾರ, ಸಂಜೆ 7:14

ಅಯ್ಯೋ ಹೌದು ಸರ್! ಪಕ್ಕದ ಟೇಬಲ್ ಹುಡುಗಿ "ಬ್ಯೂಟಿ ಪಾರ್ಲರ್ ವಾಸನೆ ಬರ್ತಿದೆ" ಅಂತ ನಕ್ಕಿದ್ದಳು.

ಹಳೇ ಮೈಕ್ರೋಸ್ಕೋಪು
ಬುಧವಾರ, ರಾತ್ರಿ 8:20

ಅದು ಅಸಿಟೋನ್. ನಿನ್ನ ಮ್ಯಾನ್ಯುಯಲ್‌ನ 30 ಸೆಕೆಂಡು ಆಲ್ಕೋಹಾಲಿನ ಲೆಕ್ಕ. ಶುದ್ಧ ಅಸಿಟೋನ್ ಆದ್ರೆ ಎರಡು ಮೂರು ಸೆಕೆಂಡು, ತಕ್ಷಣ ನೀರು. ಎರಡನ್ನೂ ಬೆರೆಸಿದ್ದಾದ್ರೆ ನಡುವಿನ ಲೆಕ್ಕ. 30 ಸೆಕೆಂಡು ಅಸಿಟೋನ್ ಬಿಟ್ಟರೆ ಯಾವ ಪಾಸಿಟಿವ್ ತಾನೇ ನೇರಳೆ ಉಳಿಸಿಕೊಂಡೀತು? ನಿನ್ನ ಕೈ ಸರಿ ಇತ್ತು, ಟೈಮರೂ ಸರಿ ಇತ್ತು, ಬಾಟಲಿ ಬೇರೆ ಇತ್ತು.

ಯಾಕೆ ಹೀಗೆ ಅನ್ನೋದು ಗೊತ್ತಿದ್ದರೆ ಸೆಕೆಂಡು ಬಾಯಿಪಾಠ ಮಾಡಬೇಕಾಗಿಲ್ಲ. ಕ್ರಿಸ್ಟಲ್ ವೈಲೆಟ್ ಹಾಕಿದಾಗ ಎರಡೂ ಜಾತಿ ಬ್ಯಾಕ್ಟೀರಿಯಾ ನೇರಳೆ ಆಗುತ್ತವೆ. ಅಯೋಡಿನ್ ಬಣ್ಣ ಕಚ್ಚಿಸೋ ಕೆಲಸ ಮಾಡುತ್ತೆ. ನಿಮ್ಮ ಕಡೆ ಸೀರೆ ನೂಲಿಗೆ ಬಣ್ಣ ಹಾಕೋರನ್ನ ಕೇಳು, ಕಚ್ಚಿಸದ ಬಣ್ಣ ಮೊದಲ ಒಗೆತಕ್ಕೇ ಬಿಡುತ್ತೆ ಅಂತಾರೆ. ಅಯೋಡಿನ್ ಮತ್ತು ಬಣ್ಣ ಸೇರಿ ಜೀವಕೋಶದ ಒಳಗೆ ದೊಡ್ಡ ಕಣಗಳಾಗುತ್ತವೆ. ಪಾಸಿಟಿವ್‌ಗೆ ಹೊರಗಡೆ ಪೆಪ್ಟಿಡೋಗ್ಲೈಕಾನ್ ಅನ್ನೋ ದಪ್ಪ ಗೋಡೆ. ಆಲ್ಕೋಹಾಲ್ ತಾಗಿದ ಕೂಡಲೇ ಅದರ ನೀರು ಹೋಗಿ ರಂಧ್ರ ಬಿಗಿಯುತ್ತೆ, ಬಣ್ಣ ಒಳಗೇ ಸಿಕ್ಕಿಹಾಕಿಕೊಳ್ಳುತ್ತೆ. ನೆಗೆಟಿವ್‌ಗೆ ಆ ಗೋಡೆ ತೆಳು, ಅದರ ಹೊರಗೆ ಕೊಬ್ಬಿನ ಇನ್ನೊಂದು ಪೊರೆ. ಆಲ್ಕೋಹಾಲ್ ಆ ಕೊಬ್ಬನ್ನ ಕರಗಿಸುತ್ತೆ, ಬಣ್ಣ ಹರಿದು ಹೋಗುತ್ತೆ. ಬರಿದಾದ ಅದಕ್ಕೆ ಸಫ್ರಾನಿನ್ ಗುಲಾಬಿ ಬಣ್ಣ ಕೊಡುತ್ತೆ. ಪಾಸಿಟಿವ್ ಕೂಡ ಸಫ್ರಾನಿನ್ ಕುಡಿದಿರುತ್ತೆ, ಆದ್ರೆ ನೇರಳೆಯ ಎದುರು ಅದು ಕಾಣಲ್ಲ. ಹಾಗಾಗಿ ಇಡೀ ಪರೀಕ್ಷೆಯ ಜೀವ ಇರೋದು ಮೂರನೇ ಹೆಜ್ಜೆಯಲ್ಲಿ. ಮಿಕ್ಕ ಮೂರರಲ್ಲಿ ಐದು ಸೆಕೆಂಡು ಆ ಕಡೆ ಈ ಕಡೆ ಆದ್ರೆ ಯಾರೂ ಕೇಳಲ್ಲ.

ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಂ ಇದನ್ನ 1884ರಲ್ಲಿ ಬರ್ಲಿನ್‌ನಲ್ಲಿ ಪ್ರಕಟಿಸಿದ. ಅವನಿಗೆ ಬೇಕಿದ್ದದ್ದು ಬ್ಯಾಕ್ಟೀರಿಯಾವನ್ನ ಎರಡು ಪಂಗಡ ಮಾಡೋದೇ ಅಲ್ಲ. ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದ ತುಣುಕಿನಲ್ಲಿ ಬ್ಯಾಕ್ಟೀರಿಯಾ ಎದ್ದು ಕಾಣೋ ಹಾಗೆ ಮಾಡೋಕೆ ಹೊರಟಿದ್ದ. ಕೆಲವಕ್ಕೆ ಬಣ್ಣ ನಿಲ್ಲಲ್ಲ ಅನ್ನೋದು ಅವನ ವಿಧಾನದ ಕೊರತೆಯ ಹಾಗೇ ಇತ್ತು. ಆ ಕೊರತೆ ಹಿಡಿದುಕೊಂಡೇ ನಾವು ಇವತ್ತಿಗೂ ರಿಪೋರ್ಟ್ ಬರೀತಿದ್ದೀವಿ.

ಇನ್ನು ಮೇಲೆ ಹೀಗೆ ಮಾಡು. ಸ್ಲೈಡಿನಲ್ಲಿ ಮೂರು ಚುಕ್ಕೆ ಸ್ಮಿಯರ್ ಹಾಕು: ಒಂದು ಕಡೆ ಗೊತ್ತಿರೋ ಸ್ಟೆಫಿಲೋಕಾಕಸ್, ಇನ್ನೊಂದು ಕಡೆ ಗೊತ್ತಿರೋ ನೆಗೆಟಿವ್ ಆದ ಇ. ಕೋಲಿ, ನಡುವೆ ನಿನಗೆ ಕೊಟ್ಟಿದ್ದು. ಎರಡು ಕಡೆಯವು ಸರಿಯಾದ ಬಣ್ಣ ಬಂದರೆ ಮಾತ್ರ ನಡುವಿನದ್ದು ನಂಬು. ಇದನ್ನ ಕಂಟ್ರೋಲ್ ಅಂತೀವಿ. ಮೊನ್ನೆ ಇದಿದ್ದರೆ ಚಪ್ಪಾಳೆ ಬಾಟಲಿಗೆ ಬೀಳ್ತಿತ್ತು.

ಮತ್ತೆ, ಎಣ್ಣೆ ಹನಿ ಹಾಕಿ ನೋಡೋ ಆಯಿಲ್ ಇಮ್ಮರ್ಶನ್ ಲೆನ್ಸನ್ನ ಕರ್ಚೀಫಲ್ಲಿ, ದುಪಟ್ಟಾದಲ್ಲಿ ಒರೆಸಬೇಡಿ. ಎಷ್ಟು ಲೆನ್ಸ್ ಗೀರು ಬಿದ್ದು ಹೋಗಿದ್ದು ನೋಡಿದ್ದೀನೋ ಲೆಕ್ಕ ಇಲ್ಲ. ಇದು ಬೇಡಿದ ಸಲಹೆ ಅಲ್ಲ, ಆದರೂ ಹೇಳ್ತೀನಿ.

ಸೊರಬದಿಂದ
ಗುರುವಾರ, ಬೆಳಿಗ್ಗೆ 6:50

ನಾನು ವಿದ್ಯಾರ್ಥಿ ಅಲ್ಲ, ಅಡಿಕೆ ತೋಟದವನು. ಮಗಳು ನರ್ಸಿಂಗ್ ಓದ್ತಾಳೆ, ಅವಳು ತೋರಿಸಿದ್ದಕ್ಕೆ ಓದ್ತಾ ಕೂತೆ. ಒಂದು ಕೇಳ್ತೀನಿ, ದಡ್ಡ ಪ್ರಶ್ನೆ ಆದ್ರೆ ಬಿಟ್ಟುಬಿಡಿ. ನಮ್ಮ ಕಡೆ ಮಂಗನ ಕಾಯಿಲೆಗೆ ಆ್ಯಂಟಿಬಯಾಟಿಕ್ ಕೆಲಸ ಮಾಡಲ್ಲ ಅಂತಾರೆ. ಅದೂ ಕ್ರಿಮಿ, ಇದೂ ಕ್ರಿಮಿ. ಯಾಕೆ ಮಾಡಲ್ಲ? ಆ ಕ್ರಿಮಿಗೆ ಯಾವ ಬಣ್ಣ ಬರುತ್ತೆ?

ಹಳೇ ಮೈಕ್ರೋಸ್ಕೋಪು
ಗುರುವಾರ, ಬೆಳಿಗ್ಗೆ 9:30

ಸ್ವಾಮಿ, ಇಲ್ಲಿ ಬಂದ ಪ್ರಶ್ನೆಗಳಲ್ಲಿ ಇದೇ ಒಳ್ಳೇದು. ಯಾವ ಬಣ್ಣವೂ ಬರಲ್ಲ, ಯಾಕಂದ್ರೆ ಅದಕ್ಕೆ ಬಣ್ಣ ಹಿಡಿಯೋ ಗೋಡೆಯೇ ಇಲ್ಲ. ಅದು ವೈರಸ್.

ಅಳತೆ ಹೇಳ್ತೀನಿ. ನಮ್ಮ ಕೆಂಪು ರಕ್ತಕಣ ಅಡ್ಡಕ್ಕೆ ಏಳೆಂಟು ಮೈಕ್ರಾನ್. ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಮೈಕ್ರಾನ್. ಈ ಹುಡುಗಿಯ ಸ್ಟೆಫಿಲೋಕಾಕಸ್ ಸುಮಾರು ಒಂದು ಮೈಕ್ರಾನ್. ನಮ್ಮ ಮಾಮೂಲಿ ಮೈಕ್ರೋಸ್ಕೋಪಿಗೆ 0.2 ಮೈಕ್ರಾನ್‌ಗಿಂತ ಚಿಕ್ಕದು ಬಿಡಿಸಿ ಕಾಣಲ್ಲ, ಎಷ್ಟೇ ಒಳ್ಳೇ ಲೆನ್ಸ್ ಇರಲಿ. ಮಂಗನ ಕಾಯಿಲೆ ವೈರಸ್ಸು 0.05 ಮೈಕ್ರಾನ್ ಆಸುಪಾಸು. ರಕ್ತಕಣ ಒಂದು ತಟ್ಟೆ ಅಂತಿಟ್ಟುಕೊಂಡರೆ ಬ್ಯಾಕ್ಟೀರಿಯಾ ಗೋಲಿ, ಈ ವೈರಸ್ಸು ಸಾಸಿವೆ ಕಾಳು.

ಪೆನಿಸಿಲಿನ್ ಕೆಲಸ ಮಾಡೋದು ಹೇಗೆ? ಬ್ಯಾಕ್ಟೀರಿಯಾ ತನ್ನ ಆ ಪೆಪ್ಟಿಡೋಗ್ಲೈಕಾನ್ ಗೋಡೆ ಕಟ್ಟೋದನ್ನ ತಡೆದು. ಗೋಡೆ ಬಿರಿದು ಅದು ಸಾಯುತ್ತೆ. ನಮ್ಮ ಜೀವಕೋಶಕ್ಕೆ ಆ ಗೋಡೆ ಇಲ್ಲದ್ದರಿಂದ ಆ ಏಟು ನಮಗೆ ತಾಗಲ್ಲ. ಬೇರೆ ಕೆಲವು ಆ್ಯಂಟಿಬಯಾಟಿಕ್ ಬ್ಯಾಕ್ಟೀರಿಯಾದ ಪ್ರೋಟೀನ್ ತಯಾರಿಕೆ ನಿಲ್ಲಿಸುತ್ತವೆ. ವೈರಸ್ಸಿಗೆ ಗೋಡೆಯೂ ಇಲ್ಲ, ಸ್ವಂತ ತಯಾರಿಕೆಯೂ ಇಲ್ಲ. ನಮ್ಮ ಜೀವಕೋಶಕ್ಕೆ ನುಗ್ಗಿ ನಮ್ಮ ಯಂತ್ರದಲ್ಲೇ ತನ್ನ ಮರಿ ಮಾಡಿಸಿಕೊಳ್ಳುತ್ತೆ. ಬೀಗವೇ ಇಲ್ಲದ ಬಾಗಿಲಿಗೆ ಕೀಲಿಕೈ ಕೊಟ್ಟು ಏನು ಮಾಡೋದು?

ಧಾರವಾಡದ ಬಯಾಲಜಿ ಮಾಸ್ತರ
ಗುರುವಾರ, ಮಧ್ಯಾಹ್ನ 1:15

ಸೊರಬದ ಯಜಮಾನ್ರ, ನಿಮ್ಮ ತಾಲ್ಲೂಕಿನ ಒಂದು ಕಾಡಿನ ಹೆಸರು ಜಗತ್ತಿನ ಮೈಕ್ರೋಬಯಾಲಜಿ ಪುಸ್ತಕದಾಗೆಲ್ಲಾ ಐತಿ. 1957ರಾಗ ಕ್ಯಾಸನೂರು ಕಾಡಿನ ಸುತ್ತ ಮಂಗ ಸಾಯಾಕತ್ತಿದ್ವು, ಜನರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಸ್ ಪತ್ತೆ ಹಚ್ಚಿದ್ರು. ಅದಕ್ಕ ಅದರ ಹೆಸರು ಕ್ಯಾಸನೂರು ಫಾರೆಸ್ಟ್ ಡಿಸೀಸ್. ಡೆಂಗಿ ವೈರಸ್ಸಿನ ಕುಟುಂಬದ್ದ ಅದು. ಡೆಂಗಿ ಸೊಳ್ಳೆಯಿಂದ, ಇದು ಉಣುಗಿನಿಂದ. ಮಂಗನ ಕಾಯಿಲೆ ಅಂತಾರ ಖರೆ, ಹರಡೋದು ಉಣುಗು, ಮಂಗ ಪಾಪ ನಮ್ಮಂಗ ರೋಗಿ. ಸತ್ತ ಮಂಗನ ಮೈಮ್ಯಾಲಿನ ಉಣುಗು ಉದುರಿ ಅಲ್ಲೇ ಸುತ್ತಮುತ್ತ ಇರತಾವ, ಹಂಗಾಗಿ ಹೆಣದ ಹತ್ತಿರ ಹೋಗಬ್ಯಾಡ್ರಿ ಅನ್ನೋದು.

ವಿದ್ಯಾರ್ಥಿಗಳು ಒಂದು ಬರಕೊಳ್ರಿ. ರೋಗ ತರೋ ಸೂಕ್ಷ್ಮಾಣು ಬ್ಯಾರೆ, ಅದನ್ನ ಹೊತ್ತು ತರೋ ವಾಹಕ ಬ್ಯಾರೆ, ಅದು ಬೆಳಿಯೋ ಆಶ್ರಯ ಬ್ಯಾರೆ. ಪರೀಕ್ಷೆದಾಗ "ಮಂಗನ ಕಾಯಿಲೆಗೆ ಕಾರಣ ಮಂಗ" ಅಂತ ಬರದವರನ್ನ ನಾನು ಕಂಡೀನಿ.

ಸೊರಬದಿಂದ
ಗುರುವಾರ, ಸಂಜೆ 5:40

ಸಾಸಿವೆ ಕಾಳಿನ ಲೆಕ್ಕ ಮಗಳಿಗೂ ಗೊತ್ತಿರಲಿಲ್ಲ. ಉಪಕಾರ ಆಯ್ತು. ಚಳಿಗಾಲ ಕಳೆದು ಸೊಪ್ಪು ತರೋಕೆ ಕಾಡಿಗೆ ಹೋಗೋವಾಗ ಕೈಕಾಲಿಗೆ ಉಣುಗು ಹತ್ತದ ಹಾಗೆ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗ್ತೀವಿ. ಯಾಕೆ ಅಂತ ಈಗ ಸರಿಯಾಗಿ ತಿಳೀತು.

ಫಸ್ಟ್ ಇಯರ್ ಹುಡುಗ, ಮೈಸೂರು
ಗುರುವಾರ, ರಾತ್ರಿ 9:00

ಕ್ಷಯದ ಬ್ಯಾಕ್ಟೀರಿಯಾ ಗ್ರಾಂ ಪಾಸಿಟಿವ್ವೋ ನೆಗೆಟಿವ್ವೋ ಸರ್? ನಮ್ಮಲ್ಲಿ ಜಗಳ ಆಗ್ತಿದೆ.

ಹಳೇ ಮೈಕ್ರೋಸ್ಕೋಪು
ಗುರುವಾರ, ರಾತ್ರಿ 9:20

ಜಗಳ ನಿಲ್ಲಿಸಿ. ಅದರ ಗೋಡೆ ತುಂಬಾ ಮೇಣದಂಥ ಕೊಬ್ಬು, ಗ್ರಾಂ ಬಣ್ಣ ಸರಿಯಾಗಿ ಒಳಗೆ ಹೋಗೋದೇ ಇಲ್ಲ. ಅದಕ್ಕೆ ಜೀಲ್ ನೀಲ್ಸನ್ ಸ್ಟೇನ್. ಕಾರ್ಬಾಲ್ ಫುಕ್ಸಿನ್ ಹಾಕಿ ಆವಿ ಏಳೋವರೆಗೆ ಕೆಳಗಿನಿಂದ ಬಿಸಿ ಮಾಡಬೇಕು, ಕುದೀಬಾರದು. ಒಂದು ಸಲ ಒಳಗೆ ಹೋದ ಬಣ್ಣ ಆಸಿಡ್ ಹಾಕಿ ತೊಳೆದರೂ ಬಿಡಲ್ಲ, ಅದಕ್ಕೇ ಆಸಿಡ್ ಫಾಸ್ಟ್ ಅನ್ನೋದು. ನೀಲಿ ಹಿನ್ನೆಲೆಯಲ್ಲಿ ಸಣ್ಣ ಕೆಂಪು ಕಡ್ಡಿ. ನನ್ನ ಸರ್ವೀಸಿನ ಅರ್ಧ ಆಯಸ್ಸು ಕಫದ ಸ್ಲೈಡಿನಲ್ಲಿ ಆ ಕೆಂಪು ಕಡ್ಡಿ ಹುಡುಕೋದರಲ್ಲೇ ಹೋಯ್ತು. ಇ. ಕೋಲಿ ಹದವಾಗಿ ಬೆಳೆದರೆ 20 ನಿಮಿಷಕ್ಕೆ ಎರಡರಷ್ಟಾಗುತ್ತೆ, ಬೆಳಿಗ್ಗೆ ಹಾಕಿದ ಪ್ಲೇಟು ಮಾರನೇ ದಿನ ಓದಬಹುದು. ಇದಕ್ಕೆ ಎರಡರಷ್ಟಾಗೋಕೆ ಹೆಚ್ಚುಕಡಿಮೆ ಒಂದು ದಿನ. ಇದನ್ನ ಬೆಳೆಸೋ ಎಲ್‌ಜೆ ಅನ್ನೋ ಮೀಡಿಯಂನಲ್ಲಿ ಹಾಕಿ ವಾರಗಟ್ಟಲೆ ಕಾಯಬೇಕು.

ಮಸ್ಕತ್ ನರ್ಸಕ್ಕ
ಶುಕ್ರವಾರ, ಬೆಳಿಗ್ಗೆ 8:10

ವೈವಾ ಇದ್ದರೆ ಇದನ್ನೂ ಕೇಳುತ್ತಾರೆ ತಂಗಿ: ಸೂಜಿ ಹಾಕುವ ಮೊದಲು ಒರೆಸುವ ಸ್ಪಿರಿಟ್ 70 ಪರ್ಸೆಂಟ್ ಯಾಕೆ, 100 ಇದ್ದರೆ ಇನ್ನೂ ಒಳ್ಳೆಯದಲ್ಲವಾ? ಅಲ್ಲ. ಆಲ್ಕೋಹಾಲ್ ಬ್ಯಾಕ್ಟೀರಿಯಾದ ಪ್ರೋಟೀನ್ ಕೆಡಿಸಲಿಕ್ಕೆ ನೀರು ಬೇಕು, ಮತ್ತೆ 100 ಪರ್ಸೆಂಟಿನದ್ದು ಬೇಗ ಆರಿಹೋಗುತ್ತದೆ. ಒರೆಸಿ ಊದಬೇಡ, ಆರಲಿಕ್ಕೆ ಬಿಡು. ಆದರೆ ಸ್ಪಿರಿಟ್ಟಿಗೆ ಸ್ಪೋರ್, ಅಂದರೆ ಗಟ್ಟಿ ಕವಚ ಕಟ್ಟಿಕೊಂಡು ಮಲಗಿರುವ ಬ್ಯಾಕ್ಟೀರಿಯಾ, ಸಾಯುವುದಿಲ್ಲ. ಸ್ಪೋರ್ ಸಾಯಬೇಕಾದರೆ ಆಟೋಕ್ಲೇವ್, 121 ಡಿಗ್ರಿ, 15 ಪೌಂಡ್ ಒತ್ತಡ, 15 ನಿಮಿಷ. ಮನೆಯ ಕುಕ್ಕರ್ ಅದರ ತಮ್ಮನೇ, ನೀರು 100 ಡಿಗ್ರಿ ದಾಟಲಿಕ್ಕೆ ಒತ್ತಡ ಬೇಕು ಅನ್ನುವ ಸೂತ್ರ ಎರಡಕ್ಕೂ ಒಂದೇ.

ಕೊಪ್ಪಳದ ಹುಡುಗಿ
ಶನಿವಾರ, ಮಧ್ಯಾಹ್ನ 3:25

ಇವತ್ತು ಮೇಡಂ ಹತ್ತಿರ ಹೋಗಿ ಇನ್ನೊಂದು ಸಲ ಮಾಡ್ತೀನಿ ಅಂದೆ. ಬಾಟಲಿ ವಿಷಯ ಹೇಗೆ ಹೇಳೋದು ಅಂತ ಭಯ ಇತ್ತು. "ಮೇಡಂ, ಇದು ಅಸಿಟೋನಾ, ಆಲ್ಕೋಹಾಲಾ?" ಅಂತ ಮಾತ್ರ ಕೇಳಿದೆ. ಅವರು ಅಟೆಂಡರ್ ಅಣ್ಣನ್ನ ಕರೆದು ಕೇಳಿದ್ರು. ಆಲ್ಕೋಹಾಲ್ ಮುಗಿದಿತ್ತಂತೆ, ಅವರು ಇದ್ದ ಅಸಿಟೋನ್ ಹಾಕಿಟ್ಟಿದ್ರಂತೆ. ಮೇಡಂ ಒಂದು ನಿಮಿಷ ಸುಮ್ಮನಿದ್ದು, ಹೊಸ ಲೇಬಲ್ ಬರೆದು ಅಂಟಿಸಿದ್ರು.

ಮೂರು ಚುಕ್ಕೆ ಹಾಕಿದೆ ಸರ್. ಅಸಿಟೋನೇ ಹಾಕಿದ್ದು, ಒಂದು ಎರಡು ಮೂರು ಅಂತ ಎಣಿಸಿ ನೀರು ಬಿಟ್ಟೆ. ಇ. ಕೋಲಿ ಗುಲಾಬಿ ಕಡ್ಡಿ. ಸ್ಟೆಫಿಲೋಕಾಕಸ್ ನೇರಳೆ, ಎಂಥ ಗೊಂಚಲು ಅಂದ್ರೆ ಕಣ್ಣು ತೆಗೆಯೋಕೆ ಮನಸ್ಸಾಗಲಿಲ್ಲ. ನಡುವಿನದ್ದೂ ನೇರಳೆ, ಆದ್ರೆ ಗೊಂಚಲಲ್ಲ, ಸರದ ಹಾಗೆ ಸಾಲಾಗಿತ್ತು. ಸ್ಟ್ರೆಪ್ಟೋಕಾಕಸ್ ಅಂತ ಬರೆದೆ. ಮೇಡಂ ಸರಿ ಹಾಕಿದ್ರು. ಚಪ್ಪಾಳೆ ಏನೂ ಇಲ್ಲ.

ಹಳೇ ಮೈಕ್ರೋಸ್ಕೋಪು
ಶನಿವಾರ, ಮಧ್ಯಾಹ್ನ 3:50

ಭೇಷ್. ಸ್ಟೇನ್ ನೋಡಿ ಸ್ಟ್ರೆಪ್ಟೋಕಾಕಸ್ ಅಂತ ಖಡಾಖಂಡಿತ ಬರೀಬೇಡ, "ಸಾಲಾಗಿರೋ ಗ್ರಾಂ ಪಾಸಿಟಿವ್ ಕಾಕೈ" ಅಂತ ಬರಿ, ಕಾಕೈ ಅಂದ್ರೆ ದುಂಡನೆ ಬ್ಯಾಕ್ಟೀರಿಯಾ. ಹೆಸರಿಡೋದು ಕಲ್ಚರ್ ಮತ್ತು ಕೆಟಲೇಸ್ ಪರೀಕ್ಷೆ ಆದಮೇಲೆ. ಅದಿರಲಿ, ಎಣ್ಣೆ ಲೆನ್ಸ್ ನೋಡಿ ಆದಮೇಲೆ ಎಣ್ಣೆ ತಾಗಬಾರದ 40 ಎಕ್ಸ್ ಲೆನ್ಸ್ ತಿರುಗಿಸಿದೆಯಾ?

ಕೊಪ್ಪಳದ ಹುಡುಗಿ
ಶನಿವಾರ, ಮಧ್ಯಾಹ್ನ 3:52

...ತಿರುಗಿಸಿದೆ ಸರ್. ಎಣ್ಣೆ ತಾಗಿತು. ತಕ್ಷಣ ಒರೆಸಿದೆ.

ಹಳೇ ಮೈಕ್ರೋಸ್ಕೋಪು
ಶನಿವಾರ, ಮಧ್ಯಾಹ್ನ 3:53

ಯಾವುದರಲ್ಲಿ?

ಕೊಪ್ಪಳದ ಹುಡುಗಿ
ಶನಿವಾರ, ಮಧ್ಯಾಹ್ನ 3:53

ಲೆನ್ಸ್ ಪೇಪರ್‌ನಲ್ಲಿ ಸರ್! ದುಪಟ್ಟಾ ಪಿನ್ ಹಾಕಿಕೊಂಡೇ ಹೋಗಿದ್ದೆ.